ಅರ್ಧ ಗುಳಿಗಿ, ನಾಲ್ಕು ಕಿಲೋ ಬೆಕ್ಕು



ಹೋದ ಮಳೆಗಾಲದಲ್ಲಿ ನಮ್ಮ ಕನ್ನಡ ಸ್ಲಾಟ್‌ನಲ್ಲಿ ಸಾಕುಪ್ರಾಣಿಗಳ ಬಗ್ಗೆ ಒಂದು ಫೋನ್-ಇನ್ ಇಟ್ಟುಕೊಂಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಸ್ಟುಡಿಯೋಕ್ಕೆ ಒಬ್ಬ ಪಶುವೈದ್ಯರು ಬಂದಿದ್ದರು. ರಾಯಚೂರಿನ ಕಡೆಯವರು, ಪುಣೆಗೆ ಬಂದು ಹದಿನೈದು ವರ್ಷವಾದರೂ ಮಾತು ಮಾತ್ರ ಇನ್ನೂ ಅಲ್ಲಿಯದೇ. ನಾಯಿಗೆ ಸ್ನಾನ ಎಷ್ಟು ದಿನಕ್ಕೊಮ್ಮೆ, ಬೆಕ್ಕು ಯಾಕೆ ಹುಲ್ಲು ತಿನ್ನುತ್ತದೆ ಎಂಬಂಥ ಪ್ರಶ್ನೆಗಳಲ್ಲಿ ಅರ್ಧ ಗಂಟೆ ಆರಾಮವಾಗಿ ಸಾಗಿತ್ತು. ಆಗ ಹಡಪಸರದ ಕಡೆಯಿಂದ ಒಬ್ಬ ಅಕ್ಕನ ಫೋನ್ ಬಂತು.

"ಮೇಡಮ್ಮಾರ, ನಮ್ಮ ಬೆಕ್ಕಿನ ಕಿವಿ ಮುಂಜಾನಿಂದ ಬಿಸಿ ಆಗ್ಯಾವ್ರಿ. ಜ್ವರಾ ಬಂದಿರಬೇಕಂತ ಅರ್ಧಾ ಕ್ರೋಸಿನ್ ಗುಳಿಗಿ ಹಾಲಿನ್ಯಾಗ ಕರಗಿಸಿ ಕುಡಿಸೀನಿ. ಇನ್ನರ್ಧಾ ಯಾವಾಗ ಕೊಡ್ಲಿ?"

ನಾನು ಏನೋ ತಮಾಷೆ ಮಾಡಲು ಬಾಯಿ ತೆರೆಯುವುದರಲ್ಲಿದ್ದೆ. ಡಾಕ್ಟರ ಮುಖ ನೋಡಿ ಸುಮ್ಮನಾದೆ.

"ಕೊಡಬ್ಯಾಡ್ರಿ ಅಕ್ಕಾರ. ಕೊಟ್ಟು ಎಷ್ಟೊತ್ತಾತು?"

"ಒಂದು ತಾಸ ಆಗಿರಬೇಕು ನೋಡ್ರಿ."

"ಬೆಕ್ಕನ್ನ ಒಂದು ಚೀಲದಾಗ ಹಾಕ್ಕೊಂಡು, ಆ ಗುಳಿಗಿ ಚೀಟಿ ಕೈಯಾಗ ಹಿಡ್ಕೊಂಡು, ಈಗಿಂದೀಗ ರಿಕ್ಷಾ ಹತ್ರಿ. ಮಾತು ಆಮ್ಯಾಲೆ ಆಡೋಣು."

ನಾನು ಸರದಿಗಿಂತ ಮೊದಲೇ ಒಂದು ಹಾಡು ಹಾಕಿದೆ. ಹಾಡು ಮುಗಿಯುವಷ್ಟರಲ್ಲಿ ಡಾಕ್ಟರು ಅಕ್ಕನ ಮನೆಗೆ ಹತ್ತಿರದ ಕ್ಲಿನಿಕ್ಕಿಗೆ ತಮ್ಮ ಮೊಬೈಲಿನಿಂದಲೇ ಫೋನ್ ಮಾಡಿ ವಿಷಯ ತಿಳಿಸಿದ್ದರು. ಆಮೇಲೆ ಕಾರ್ಯಕ್ರಮ ಮುಗಿಯುವವರೆಗೂ, ಮುಗಿದ ಮೇಲೆ ಕ್ಯಾಂಟೀನಿನಲ್ಲೂ ನಾವು ಆಡಿದ್ದು ಅದೇ ಮಾತು. ಪ್ರಸಾರದ ಗಡಿಬಿಡಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಒಂದೇ: ನಮ್ಮ ಮನೆಯ ಔಷಧಿ ಡಬ್ಬಿ ಮತ್ತು ನಮ್ಮ ಮನೆಯ ನಾಯಿ-ಬೆಕ್ಕು.

ಮೊದಲು ಆ ಬಿಸಿ ಕಿವಿಯ ಸಂಗತಿ. ನಮ್ಮ ಮೈಯ ಸಾಮಾನ್ಯ ಬಿಸಿ 98.6 ಡಿಗ್ರಿ ಫ್ಯಾರನ್‌ಹೀಟ್ ಎಂದು ಶಾಲೆಯಲ್ಲೇ ಕಲಿತಿದ್ದೇವೆ. ನಾಯಿ ಮತ್ತು ಬೆಕ್ಕಿನದು ಹುಟ್ಟಿನಿಂದಲೇ ಅದಕ್ಕಿಂತ ಹೆಚ್ಚು, ಸುಮಾರು 100.5ರಿಂದ 102.5ರವರೆಗೆ. ಎಂದರೆ ಮನುಷ್ಯನಿಗೆ ಬಂದರೆ ನಾವು ಆಫೀಸಿಗೆ ರಜೆ ಹಾಕುವಷ್ಟು ಬಿಸಿ, ಅವುಗಳಿಗೆ ಆರೋಗ್ಯದ ಲಕ್ಷಣ! ಹಾಗಾಗಿ ನಮ್ಮ ಅಂಗೈಗೆ ಅವು ಯಾವಾಗಲೂ ಬೆಚ್ಚಗೇ. ಅದರಲ್ಲೂ ಕಿವಿ ತೆಳ್ಳಗೆ, ರಕ್ತನಾಳಗಳು ತುಂಬಿದ ಜಾಗ. ಬಿಸಿಲಿನಲ್ಲಿ ಮಲಗೆದ್ದರೂ, ಆಡಿ ಬಂದರೂ ಬಿಸಿಯಾಗುತ್ತದೆ. ಮೂಗು ಒಣಗಿದರೆ ಜ್ವರ, ಒದ್ದೆಯಿದ್ದರೆ ಆರೋಗ್ಯ ಎಂಬುದೂ ಅಷ್ಟೇ, ನಂಬುವ ಮಾತಲ್ಲ. ಜ್ವರ ಇದೆಯೋ ಇಲ್ಲವೋ ತಿಳಿಯಲು ದಾರಿ ಒಂದೇ: ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ವ್ಯಾಸಲಿನ್ ಸವರಿ ಗುದದ್ವಾರದಲ್ಲಿ ಇಟ್ಟು ನೋಡುವುದು. (ಆ ಥರ್ಮಾಮೀಟರನ್ನು ಪ್ರಾಣಿಗೆಂದೇ ಬೇರೆ ಇಟ್ಟುಕೊಳ್ಳಿ, ಮೇಲೆ ದಪ್ಪಕ್ಷರದಲ್ಲಿ ಬರೆದೂ ಇಡಿ. ಮನೆಯಲ್ಲಿ ಅತ್ತೆಯವರಿದ್ದರೆ ಖಂಡಿತ ಬರೆದಿಡಿ!) 103.5 ದಾಟಿದ್ದರೆ ಜ್ವರವೆಂದೇ ತಿಳಿದು ಡಾಕ್ಟರಿಗೆ ಫೋನ್ ಮಾಡಿ. 102 ಇದ್ದರೆ ಜ್ವರವಲ್ಲ, ಪ್ರಾಣಿ ಇರುವುದೇ ಹಾಗೆ.

ಅಂದರೆ ಹಡಪಸರದ ಅಕ್ಕ ಔಷಧಿ ಕೊಟ್ಟದ್ದು ಬಹುಶಃ ಇಲ್ಲದ ಕಾಯಿಲೆಗೆ. ಕೊಟ್ಟ ಔಷಧಿ ಮಾತ್ರ ನಿಜವಾದದ್ದೇ.

ಕ್ರೋಸಿನ್, ಡೋಲೋ, ಕ್ಯಾಲ್ಪಾಲ್, ಹೆಸರು ಯಾವುದಿದ್ದರೂ ಒಳಗಿರುವುದು ಪ್ಯಾರಾಸಿಟಮಾಲ್. ಹಸುಗೂಸಿಗೂ ಹನಿ ಲೆಕ್ಕದಲ್ಲಿ ಕೊಡುವ ಔಷಧಿ ಅದು. ಹಾಗಾಗಿಯೇ ಅದು "ಸೌಮ್ಯ" ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮೊದಲು ತೂಕದ ಲೆಕ್ಕ ನೋಡೋಣ. 500 ಮಿಲಿಗ್ರಾಂ ಮಾತ್ರೆಯ ಅರ್ಧ ಎಂದರೆ 250. ನಾಲ್ಕು ಕಿಲೋ ಬೆಕ್ಕಿಗೆ ಅದು ಕಿಲೋಗೆ 62 ಮಿಲಿಗ್ರಾಂ. ಅರವತ್ತು ಕಿಲೋ ತೂಗುವ ಮನುಷ್ಯ ಒಂದೇ ಗುಕ್ಕಿಗೆ ಏಳೂವರೆ ಮಾತ್ರೆ ನುಂಗಿದಂತೆ! "ಅರ್ಧ ಗುಳಿಗಿ ತಾನೆ" ಎನ್ನುವಾಗ ನಾವು ಮಾತ್ರೆಯ ಗಾತ್ರ ನೋಡುತ್ತೇವೆ, ಬೆಕ್ಕಿನ ಗಾತ್ರ ನೋಡುವುದಿಲ್ಲ.

ಆದರೆ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಹಾಗಾದರೆ ಮಾತ್ರೆಯನ್ನು ಹದಿನಾರು ಚೂರು ಮಾಡಿ ಕೊಟ್ಟರೆ ಸರಿಹೋಗುತ್ತದಲ್ಲ ಎಂದು ನಾನೂ ಕೇಳಿದೆ. ಇಲ್ಲ ಎಂದರು ಡಾಕ್ಟರು. ಬೆಕ್ಕಿಗೆ ಪ್ಯಾರಾಸಿಟಮಾಲಿನ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಕಾರಣ ಅದರ ಲಿವರ್‌ನಲ್ಲಿದೆ. ನಾವು ನುಂಗಿದ ಪ್ಯಾರಾಸಿಟಮಾಲಿನ ದೊಡ್ಡ ಪಾಲಿಗೆ ನಮ್ಮ ಲಿವರ್ ಒಂದು ಬಾಲ ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಈ ಬಾಲ ಅಂಟಿಸುವ ಕೆಲಸಕ್ಕೆ ಒಂದು ಕಿಣ್ವ ಬೇಕು. ಬೆಕ್ಕಿನಲ್ಲಿ ಆ ಕಿಣ್ವವನ್ನು ತಯಾರಿಸುವ ಜೀನ್ ಕೆಟ್ಟು ನಿಂತಿದೆ. ಇದನ್ನು ವಿಜ್ಞಾನಿಗಳು 2000ದ ಸುಮಾರಿಗೆ ಗುರುತಿಸಿದರು. ಊರ ಬೆಕ್ಕಷ್ಟೇ ಅಲ್ಲ, ಸಿಂಹ, ಚೀತಾಗಳಲ್ಲೂ ಹಾಗೆಯೇ. ಗಿಡ, ಸೊಪ್ಪು ತಿನ್ನುವ ಪ್ರಾಣಿಗಳಿಗೆ ಅವುಗಳಲ್ಲಿರುವ ನೂರೆಂಟು ವಿಷಗಳನ್ನು ಕಳೆಯಲು ಆ ಕಿಣ್ವ ಬೇಕೇಬೇಕು. ಬರೀ ಮಾಂಸ ತಿಂದು ಬದುಕಿದ ಕುಲಕ್ಕೆ ಅದರ ಅಗತ್ಯ ಬೀಳಲಿಲ್ಲ, ಹಾಗೆಯೇ ಕಳೆದುಹೋಯಿತು ಎಂದು ಊಹೆ. ಬನ್ನೇರುಘಟ್ಟದ ಸಿಂಹಕ್ಕೂ ನಮ್ಮ ಡೋಲೋ ಆಗಿಬರುವುದಿಲ್ಲ ಎಂದಾಯಿತು.

ಹೊರಗೆ ಹೋಗುವ ಬಾಗಿಲು ಮುಚ್ಚಿದ್ದರಿಂದ ಪ್ಯಾರಾಸಿಟಮಾಲ್ ಬೇರೆ ದಾರಿ ಹಿಡಿದು ಒಂದು ವಿಷವಸ್ತುವಾಗುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೇ ಕೈಹಾಕುತ್ತದೆ. ಹಿಮೋಗ್ಲೋಬಿನ್ ಇದ್ದೂ ಆಮ್ಲಜನಕ ಹೊರಲಾರದ ಸ್ಥಿತಿಗೆ ಬರುತ್ತದೆ. ಬೆಕ್ಕು ಉಸಿರಾಡುತ್ತಲೇ ಇರುತ್ತದೆ, ಮೈಗೆ ಮಾತ್ರ ಉಸಿರು ಸಿಗುವುದಿಲ್ಲ. ಒಸಡು ನಸುಗೆಂಪಿನಿಂದ ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ಬರಬಹುದು. ಮೊದಲ ಲಕ್ಷಣಗಳು ಕಾಣಲು ಕೆಲವು ತಾಸು ಸಾಕು. ಇದಕ್ಕೆ ಪ್ರತಿವಿಷ ಇದೆ, ಬೇಗ ಹೋದರೆ ಕೆಲಸವನ್ನೂ ಮಾಡುತ್ತದೆ. ಡಾಕ್ಟರು ಅಂದು ಮಾತು ಮುಗಿಸುವುದಕ್ಕೂ ಬಿಡದೆ ರಿಕ್ಷಾ ಹತ್ತಿಸಿದ್ದು ಅದಕ್ಕೇ.

ನಾಯಿ ಈ ವಿಷಯದಲ್ಲಿ ಬೆಕ್ಕಿಗಿಂತ ಗಟ್ಟಿ. ಕೆಲವೊಮ್ಮೆ ಪಶುವೈದ್ಯರೇ ಲೆಕ್ಕ ಹಾಕಿ ನಾಯಿಗೆ ಪ್ಯಾರಾಸಿಟಮಾಲ್ ಬರೆದುಕೊಡುವುದುಂಟು. ನಾಯಿಗೆ ಅಪಾಯವಿರುವುದು ಡಬ್ಬಿಯ ಇನ್ನೊಂದು ಮೂಲೆಯಲ್ಲಿ. ಬ್ರೂಫೆನ್, ಕಾಂಬಿಫ್ಲಾಮ್, ವೊವೆರಾನ್, ಅಂದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು. ಇವು ನೋವು ಕಡಿಮೆ ಮಾಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ತಡೆದು. ಆದರೆ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅವೇ ವಸ್ತುಗಳು. ನಾಯಿಯ ಮೈಯಲ್ಲಿ ಐಬುಪ್ರೊಫೆನ್ ಪಿತ್ತದ ಮೂಲಕ ಕರುಳಿಗೆ ಬಂದು, ಕರುಳಿನಿಂದ ಮತ್ತೆ ರಕ್ತಕ್ಕೆ ಸೇರಿ, ಸುತ್ತುತ್ತಲೇ ಇರುತ್ತದೆ. ಬೇಗ ಹೊರಗೆ ಹೋಗುವುದಿಲ್ಲ. ಒಂದು ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಇದೆ, ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ಹತ್ತು ಕಿಲೋ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಲು ಅದೊಂದೇ ಮಾತ್ರೆ ಸಾಕಾಗಬಹುದು. ನಾಲ್ಕು ದಿನ ಕೊಟ್ಟರೆ ಹೇಳುವುದೇ ಬೇಡ.

ಹುಣ್ಣಿನಿಂದ ರಕ್ತ ಸೋರಿದರೆ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬರುತ್ತದೆ ಎಂದರು ಡಾಕ್ಟರು. ಆ ಮಾತು ಕೇಳಿದಾಗ ನಾನು ಸ್ಟುಡಿಯೋದಲ್ಲಿದ್ದೆ. ಮೈಕು ಆನ್ ಇತ್ತು. ಏನೋ ಒಂದು ಸೇರಿಸಿ ಮುಂದಿನ ಕರೆ ತೆಗೆದುಕೊಂಡೆ.

ನಾನು ಒಂಬತ್ತು ವರ್ಷದವಳಿದ್ದಾಗ ಧಾರವಾಡದ ನಮ್ಮ ಮನೆಯಲ್ಲಿ ಮೋತಿ ಎಂಬ ನಾಯಿ ಇತ್ತು. ಜಾತಿ ಗೀತಿ ಏನಿಲ್ಲ, ಬೀದಿಯಲ್ಲಿ ಸಿಕ್ಕ ಕಂದು ಮರಿ. ಒಂದು ದಿನ ಗೋಡೆ ಹಾರಿ ಹಿಂಗಾಲು ಉಳುಕಿಸಿಕೊಂಡಿತು. ಅಪ್ಪ ತಮ್ಮ ಬೆನ್ನುನೋವಿಗೆ ತಂದಿಟ್ಟಿದ್ದ ಬ್ರೂಫೆನ್ ಅನ್ನು ರೊಟ್ಟಿ ತುಣುಕಿನಲ್ಲಿ ಸುತ್ತಿ ಹೊತ್ತಿಗೊಂದರಂತೆ ಎರಡು ಹೊತ್ತು ಕೊಟ್ಟರು. ಮೊದಲ ದಿನ ಕುಂಟುವುದು ಕಡಿಮೆಯೇ ಆಯಿತು. ಅಪ್ಪನಿಗೆ ಹೆಮ್ಮೆ, ನಮಗೆ ಸಂತೋಷ. ಮೂರನೇ ದಿನ ಮೋತಿ ಊಟ ಬಿಟ್ಟಿತು, ವಾಂತಿ ಶುರುವಾಯಿತು. ಕಾಲು ನೋವಿಗೆ ಹೀಗೆ ಆಗುತ್ತಿರಬೇಕೆಂದು ಮತ್ತೂ ಎರಡು ಮಾತ್ರೆ. ಹಿತ್ತಲಲ್ಲಿ ಕಪ್ಪು ಡಾಂಬರಿನಂಥ ಮಲ ಬಿದ್ದಿದ್ದನ್ನು ನಾನೇ ನೋಡಿದ್ದೆ. ಆರನೇ ದಿನ ಬೆಳಿಗ್ಗೆ ಮೋತಿ ಇರಲಿಲ್ಲ.

ಯಾರೋ ವಿಷ ಹಾಕಿದ್ದಾರೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಯಾರೋ ಎಂದರೆ ಪಕ್ಕದ ಮನೆಯವರು, ಮೋತಿ ಬೊಗಳುವುದಕ್ಕೆ ಅವರದು ಯಾವಾಗಲೂ ತಕರಾರು. ನಾವು ಆ ಮನೆ ಬಿಟ್ಟು ಹೋಗುವವರೆಗೂ ಅವರೊಂದಿಗೆ ಮಾತಿರಲಿಲ್ಲ. ಅವರ ಮಗಳು ನನ್ನ ಜೊತೆಗೇ ಶಾಲೆಗೆ ಬರುತ್ತಿದ್ದವಳು. ಫೋನ್-ಇನ್ ಮುಗಿಸಿ ಮನೆಗೆ ಬಂದ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಮನುಷ್ಯಾರಿಗೆ ಏನೂ ಆಗದ ಗುಳಿಗಿ ಅದು" ಎಂದರು. ಆಗ ನಮ್ಮ ಓಣಿಯಲ್ಲಿ ಯಾರಿಗೆ ಗೊತ್ತಿತ್ತು? ಇಂದು ಬ್ರೂಫೆನ್ ಕೇಳಿದರೆ ನಾಯಿಗೋ ಮನುಷ್ಯರಿಗೋ ಎಂದು ಔಷಧಿ ಅಂಗಡಿಯಲ್ಲೂ ಯಾರೂ ವಿಚಾರಿಸುವುದಿಲ್ಲ.

ಮನುಷ್ಯರಿಗೆ ಏನೂ ಆಗದ ಔಷಧಿ ಇನ್ನೊಂದು ಜೀವಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಅದರ ಒಂದು ತುದಿ ಕರ್ನಾಟಕದ ರಾಮನಗರದಲ್ಲಿದೆ. "ಶೋಲೆ" ಚಿತ್ರೀಕರಣವಾದ ಬಂಡೆಗಳೆಂದರೆ ಪುಣೆಯ ನಮ್ಮ ಹಿಂದಿ-ಮರಾಠಿ ಗೆಳೆಯರಿಗೂ ಗೊತ್ತು. ಆ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. 1990ರ ದಶಕದಲ್ಲಿ ದೇಶದಾದ್ಯಂತ ರಣಹದ್ದುಗಳು ಸಾಯತೊಡಗಿದವು. ಹದಿನೈದು ವರ್ಷಗಳಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡ 99ಕ್ಕೂ ಹೆಚ್ಚು ಕುಸಿಯಿತು. ರೋಗವೋ, ಕೀಟನಾಶಕವೋ ಎಂದು ಹುಡುಕಿ ಹುಡುಕಿ ಕೊನೆಗೆ 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ ಕಾರಣ ಹೊರಬಿತ್ತು: ಡೈಕ್ಲೋಫೆನಾಕ್. ನಮ್ಮ ಮಂಡಿನೋವಿನ ಅದೇ ಔಷಧಿ! ದನಗಳಿಗೆ ಜ್ವರ, ಬಾವು ಬಂದಾಗ ಅದರ ಇಂಜೆಕ್ಷನ್ ಕೊಡುತ್ತಿದ್ದರು, ದನಕ್ಕೆ ಗುಣವೂ ಕಾಣುತ್ತಿತ್ತು. ಇಂಜೆಕ್ಷನ್ ಬಿದ್ದ ದನ ಕೆಲವೇ ದಿನಗಳಲ್ಲಿ ಸತ್ತರೆ, ಅದರ ಮಾಂಸ ತಿಂದ ಹದ್ದಿನ ಕಿಡ್ನಿ ನಿಂತುಹೋಗಿ, ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲದ ಬಿಳಿ ಪುಡಿ ಕೂರುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಿತು. ಮನುಷ್ಯರಿಗೆಂದು ಮಾಡಿದ ದೊಡ್ಡ ಬಾಟಲಿಗಳನ್ನೇ ದನಕ್ಕೆ ಬಳಸುವುದು ನಿಲ್ಲದ್ದರಿಂದ 2015ರಲ್ಲಿ ಆ ಇಂಜೆಕ್ಷನ್ ಬಾಟಲಿಯ ಗಾತ್ರವನ್ನೂ 3 ಮಿಲಿಲೀಟರಿಗೆ ಇಳಿಸಬೇಕಾಯಿತು. ಕರ್ನಾಟಕ ಸರ್ಕಾರ 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಿತು.

ಒಂದೇ ಔಷಧಿ ಮನುಷ್ಯನಿಗೆ ನೋವು ನಿವಾರಕ, ದನಕ್ಕೂ ಪರವಾಗಿಲ್ಲ, ನಾಯಿಗೆ ಹೊಟ್ಟೆಹುಣ್ಣು, ಹದ್ದಿಗೆ ಸಾವು. "ಪ್ರಾಣಿ" ಎಂಬ ಒಂದೇ ಪದದಲ್ಲಿ ಇವುಗಳನ್ನೆಲ್ಲ ಕಟ್ಟಿಹಾಕುವುದು ನಮ್ಮ ಭಾಷೆಯ ಅನುಕೂಲ, ಲಿವರ್ ಮತ್ತು ಕಿಡ್ನಿಗೆ ಅದು ಗೊತ್ತಿಲ್ಲ.

ನಾಯಿಗೆ ಜ್ವರ ಎಂದರೆ ಪುಣೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಉಣ್ಣಿಯನ್ನು. ಮಳೆ ಶುರುವಾಗಿ ಕಾಲೋನಿಯ ಹುಲ್ಲು ಮೇಲೇಳುವ ಹೊತ್ತಿಗೆ ಉಣ್ಣಿಗಳೂ ಹೆಚ್ಚುತ್ತವೆ. (ಉಣ್ಣಿಗೂ ಪುಣೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಆ ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆ ಮಾಡಿದವರು ನಮ್ಮ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಇಂದಿನ ಎನ್.ಐ.ವಿ. ಅದೇ. ಅದನ್ನು ಹರಡುವ ಕಾಡಿನ ಉಣ್ಣಿ ಬೇರೆ, ನಮ್ಮ ನಾಯಿಯ ಕಿವಿಯಲ್ಲಿ ಕೂರುವ ಕಂದು ಉಣ್ಣಿ ಬೇರೆ, ಹೆದರಬೇಡಿ.) ಈ ಕಂದು ಉಣ್ಣಿ ನಾಯಿಗೆ ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿಯನ್ನು ದಾಟಿಸುತ್ತದೆ. ಎಲ್ಲರೂ "ಟಿಕ್ ಫೀವರ್" ಎನ್ನುವುದು ಹೆಚ್ಚಾಗಿ ಇದನ್ನೇ. ಜ್ವರ, ಊಟ ಬಿಡುವುದು, ಸುಸ್ತು ಇದರ ಲಕ್ಷಣಗಳು. ಇದರಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ, ಅಂದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಡಿಮೆಯಾಗುತ್ತದೆ. ಮೂಗಿನಿಂದ ರಕ್ತ ಬರಬಹುದು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಕಾಣಬಹುದು. ಹೀಗಿರುವಾಗ ಜ್ವರ ಇಳಿಯಲೆಂದು ಒಂದು ಬ್ರೂಫೆನ್ ಕೊಟ್ಟರೆ ಏನಾಗುತ್ತದೆ ಯೋಚಿಸಿ: ಒಂದು ಕಡೆ ಹೊಟ್ಟೆಯಲ್ಲಿ ಹುಣ್ಣು, ಇನ್ನೊಂದು ಕಡೆ ನಿಲ್ಲದ ರಕ್ತ. ರಕ್ತಪರೀಕ್ಷೆಯಲ್ಲಿ ಪತ್ತೆಯಾದರೆ ಡಾಕ್ಸಿಸೈಕ್ಲಿನ್ ಎಂಬ ಮಾಮೂಲಿ ಔಷಧಿಗೆ ಇದು ಬಗ್ಗುತ್ತದೆ, ಆದರೆ ಸುಮಾರು ನಾಲ್ಕು ವಾರ ಬಿಡದೆ ಕೊಡಬೇಕು. ನಾಲ್ಕನೇ ದಿನ ನಾಯಿ ಎದ್ದು ಬಾಲ ಆಡಿಸಿತೆಂದು ನಿಲ್ಲಿಸಿಬಿಡುವವರೇ ಜಾಸ್ತಿ ಎಂದು ಡಾಕ್ಟರು ಬೇಸರಪಟ್ಟರು.

ಉಣ್ಣಿ ತಡೆಯುವ ಔಷಧಿಯಲ್ಲೂ ಇದೇ ಕಥೆ. ನಾಯಿಯ ಬೆನ್ನಿಗೆ ಹಾಕುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಗೆ ಅದು ಒಗ್ಗುತ್ತದೆ. ಉಳಿದದ್ದನ್ನು ಬೆಕ್ಕಿಗೂ ಹಾಕೋಣ ಎಂದು ಹಾಕಿದರೆ ಬೆಕ್ಕು ಗಡಗಡ ನಡುಗಿ, ಸೆಳವು ಬಂದು ಸಾಯಬಹುದು. ಮನೆಯಲ್ಲಿ ಎರಡೂ ಇದ್ದರೆ, ನಾಯಿಗೆ ಹಾಕಿದ ಮೇಲೆ ಬೆಕ್ಕು ಅದರ ಪಕ್ಕ ಮಲಗದಂತೆ ಒಂದೆರಡು ದಿನ ದೂರ ಇಡಬೇಕು. ಹಾಗೆಯೇ ಕೋವಿಡ್ ಕಾಲದಲ್ಲಿ, 2020-21ರಲ್ಲಿ, ಎಷ್ಟೋ ಮನೆಗಳಿಗೆ ಬಂದು ಸೇರಿದ ಐವರ್ಮೆಕ್ಟಿನ್. ಅದು ಮೊದಲು ಪ್ರಾಣಿಗಳಿಗೆ ಬಂದು ಆಮೇಲೆ ಮನುಷ್ಯರಿಗೆ ಬಂದ ಔಷಧಿ, ಪಶುವೈದ್ಯರು ಇಂದಿಗೂ ಕೊಡುತ್ತಾರೆ. ಆದರೆ ಕಾಲಿ ಜಾತಿಯ ನಾಯಿಗಳಲ್ಲಿ ಅನೇಕಕ್ಕೆ, ಟಿವಿಯ "ಲ್ಯಾಸಿ" ಇತ್ತಲ್ಲ ಆ ಜಾತಿ, ಔಷಧಿಯನ್ನು ಮಿದುಳಿನಿಂದ ಹೊರಗಿಡುವ ಕಾವಲೇ ದುರ್ಬಲ. ಇದಕ್ಕೆ ಕಾರಣವಾದ ಜೀನ್ ದೋಷ 2001ರಲ್ಲಿ ಪತ್ತೆಯಾಯಿತು. ಮನುಷ್ಯರ 12 ಮಿಲಿಗ್ರಾಂ ಮಾತ್ರೆ ಒಂದನ್ನು ಅಂಥ ನಾಯಿಗೆ ಕೊಟ್ಟರೆ ಅದು ಕೋಮಾಕ್ಕೇ ಹೋಗಬಹುದು.

ನಾವು ಕೊಡದೆಯೂ ಅವು ತಿನ್ನುವುದುಂಟು. ಅಜ್ಜಿ ಮಂಡಿಗೆ ನೋವಿನ ಜೆಲ್ ತಿಕ್ಕಿಕೊಂಡು ಕೂತಿರುತ್ತಾರೆ, ನಾಯಿ ಪ್ರೀತಿಯಿಂದ ಬಂದು ಮಂಡಿ ನೆಕ್ಕುತ್ತದೆ. ನೋಡಲು ಚೆಂದ. ಆ ಜೆಲ್‌ನಲ್ಲಿರುವುದು ಹೆಚ್ಚಾಗಿ ಡೈಕ್ಲೋಫೆನಾಕ್. 2015ರಲ್ಲಿ ಅಮೆರಿಕದ ಎಫ್.ಡಿ.ಎ. ಇಂಥದ್ದೇ ಇನ್ನೊಂದು ನೋವಿನ ಮುಲಾಮಿನ ಬಗ್ಗೆ ಎಚ್ಚರಿಕೆ ಕೊಟ್ಟಿತು. ಯಜಮಾನರು ತಮ್ಮ ಮೈಗೆ ಹಚ್ಚಿಕೊಂಡಿದ್ದಷ್ಟೇ, ಮನೆಯ ಬೆಕ್ಕುಗಳು ಕಾಯಿಲೆ ಬಿದ್ದು ಕೆಲವು ಸತ್ತೂ ಹೋಗಿದ್ದವು. ಹಚ್ಚಿಕೊಂಡ ಮೇಲೆ ಕೈ ತೊಳೆದು, ಆ ಜಾಗದ ಮೇಲೆ ಬಟ್ಟೆ ಸುತ್ತಿಕೊಂಡು ಕೂತರೆ ಅಜ್ಜಿಗೂ ಆರಾಮ, ನಾಯಿಗೂ ಕ್ಷೇಮ. ಬಿಪಿ, ಶುಗರ್ ಮಾತ್ರೆ ನೆಲಕ್ಕೆ ಬಿದ್ದರೆ ಹುಡುಕಿ ಎತ್ತಿ.

ಅಡುಗೆಮನೆಯದು ಬೇರೆಯೇ ಒಂದು ಕಾರ್ಯಕ್ರಮವಾದೀತು, ಚುಟುಕಾಗಿ ಹೇಳುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕು ಎರಡರ ಕೆಂಪು ರಕ್ತಕಣಗಳನ್ನೂ ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಶಿರಾದಲ್ಲಿನ ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿ ಕೆಡಿಸುತ್ತದೆ. ಕಾರಣ ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಇರಬೇಕೆಂದು 2021ರಿಂದೀಚೆಗೆ ಸಂಶೋಧಕರು ಅನುಮಾನಿಸುತ್ತಿದ್ದಾರೆ. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ! ಉಡುಪಿ ಕಡೆಯ ಕೇಳುಗರು ಸಾರು-ಅನ್ನ ಕಲಿಸಿ ನಾಯಿಗೆ ಹಾಕುವ ಮುನ್ನ ಇದನ್ನು ನೆನಪಿಡಿ. ಚಾಕೊಲೇಟ್ ಕೂಡದು. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿ ಕ್ಸೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ನೆಲ ಕಚ್ಚಬಹುದು.

ಸರಿ, ತಪ್ಪಾಗಿ ಕೊಟ್ಟುಬಿಟ್ಟಿದ್ದೇವೆ, ಅಥವಾ ಅದೇ ಕಚ್ಚಿ ತಿಂದುಬಿಟ್ಟಿದೆ. ಏನು ಮಾಡಬೇಕು? ಮೊದಲನೆಯದು, ಲಕ್ಷಣ ಕಾಣಲಿ ಎಂದು ಕಾಯಬಾರದು. ಮೊದಲ ಒಂದೆರಡು ತಾಸಿನಲ್ಲಿ ಹೋದರೆ ಡಾಕ್ಟರು ವಾಂತಿ ಮಾಡಿಸಿಯೋ ಇದ್ದಿಲಿನ ಪುಡಿ ಕೊಟ್ಟೋ ಔಷಧಿ ರಕ್ತಕ್ಕೆ ಸೇರುವುದನ್ನು ತಡೆಯಬಹುದು, ಆಮೇಲೆ ಅದು ಆಗದು. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ವಿಷವಾಗಬಹುದು. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಎಂಬುದು ಬರೀ ಸಿನಿಮಾ. ಮಾತ್ರೆಯ ಚೀಟಿ, ಅದರಲ್ಲಿ ಎಷ್ಟು ಉಳಿದಿದೆ, ಎಷ್ಟು ಗಂಟೆಗೆ ಹೊಟ್ಟೆಗೆ ಹೋಯಿತು, ಪ್ರಾಣಿಯ ತೂಕ ಎಷ್ಟು, ಈ ನಾಲ್ಕು ತಿಳಿದರೆ ಡಾಕ್ಟರ ಅರ್ಧ ಕೆಲಸ ಆದಂತೆ. ತೂಕ ಗೊತ್ತಿಲ್ಲದಿದ್ದರೆ ಬೆಕ್ಕನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಇದನ್ನು ಇಂದೇ ಮಾಡಿ ಬರೆದಿಡಬಹುದು. ಮುಖ್ಯವಾಗಿ, ಏನು ಕೊಟ್ಟಿರೆಂದು ಮುಚ್ಚಿಡಬೇಡಿ. ಬೈಸಿಕೊಳ್ಳುವ ಭಯಕ್ಕೆ "ಏನೂ ಕೊಟ್ಟಿಲ್ಲ ಡಾಕ್ಟರೆ" ಎನ್ನುವವರು ಬಹಳ ಮಂದಿ ಇದ್ದಾರಂತೆ. ಡಾಕ್ಟರು ಬೈಯುವವರೇ ಆದರೂ ಆ ಬೈಗುಳ ನಾಯಿಯ ಜೀವಕ್ಕಿಂತ ಅಗ್ಗ.

ಇಷ್ಟೆಲ್ಲ ಓದಿ ಮನುಷ್ಯರ ಔಷಧಿಯೇ ಪಾಪ ಎಂದುಕೊಳ್ಳಬೇಡಿ. ಪಶುವೈದ್ಯರು ಎಷ್ಟೋ ಸಲ ನಮ್ಮದೇ ಅಂಗಡಿಯ ಮಾತ್ರೆ ಬರೆಯುತ್ತಾರೆ. ನಾಯಿಗೆ ನೋವಿದ್ದರೆ ಮೆಲಾಕ್ಸಿಕಾಮ್‌ನಂಥ ಔಷಧಿ ಇದೆ. ರಣಹದ್ದುಗಳಿಗೆ ಸುರಕ್ಷಿತ ಎಂದು 2006ರಲ್ಲಿ ಪರೀಕ್ಷೆಯಿಂದ ತಿಳಿದು, ದನಗಳಿಗೆ ಡೈಕ್ಲೋಫೆನಾಕ್ ಬದಲು ಬಂದದ್ದೂ ಅದೇ. ಮನುಷ್ಯರಿಗೂ ಅದೇ ಹೆಸರಿನಲ್ಲಿ ಸಿಗುತ್ತದೆ, ಆದರೆ ಆ ಮಾತ್ರೆ ಮನುಷ್ಯನ ತೂಕಕ್ಕೆ ಮಾಡಿದ್ದು. ಪ್ರಮಾಣ, ದಿನ, ಹೊಟ್ಟೆ-ಕಿಡ್ನಿಯ ಸ್ಥಿತಿ ನೋಡಿ ಕೊಡುವವರು ಓದಿದವರೇ ಆಗಬೇಕು. ಅವರ ಓದೂ ಸಣ್ಣದಲ್ಲ, ಐದೂವರೆ ವರ್ಷದ ಕೋರ್ಸು. ಬೆಳಗಾವಿ, ಹುಬ್ಬಳ್ಳಿಯ ಬಸ್ಸಿನಲ್ಲಿ ಊರಿಗೆ ಹೋಗುವವರು ಕಾತ್ರಜ್ ದಾಟಿ, ಖಂಬಾಟ್ಕಿ ಘಾಟ್ ಹತ್ತುವ ಮುನ್ನ ಶಿರವಳ ಎಂಬ ಊರು ನೋಡಿರುತ್ತೀರಿ. ಅಲ್ಲಿರುವುದು ಕ್ರಾಂತಿಸಿಂಹ ನಾನಾ ಪಾಟೀಲ್ ಪಶುವೈದ್ಯಕೀಯ ಕಾಲೇಜು. ನಮ್ಮ ಕಡೆ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಬೆಂಗಳೂರಿನ ಹೆಬ್ಬಾಳದ ಕಾಲೇಜು ಇದ್ದಂತೆ.

ನಿಮ್ಮ ಮನೆಗೆ ಹತ್ತಿರದ ಪಶುವೈದ್ಯರು ಯಾರು, ರಾತ್ರಿ ಹತ್ತರ ಮೇಲೆ ಬಾಗಿಲು ತೆರೆದಿರುವ ಕ್ಲಿನಿಕ್ ಯಾವುದು ಎಂದು ಈಗಲೇ ವಿಚಾರಿಸಿ, ನಂಬರನ್ನು ಔಷಧಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಬಿಡಿ. ಡಬ್ಬಿಗೆ ಕೈಹಾಕುವ ಹೊತ್ತಿಗೇ ಅದು ಕಣ್ಣಿಗೆ ಬೀಳಬೇಕು.

ಹಡಪಸರದ ಅಕ್ಕನ ಬೆಕ್ಕು? ಕ್ಲಿನಿಕ್ ತಲುಪುವಷ್ಟರಲ್ಲಿ ಅದರ ಒಸಡು ಬಣ್ಣಗೆಟ್ಟಿತ್ತಂತೆ. ಎರಡು ರಾತ್ರಿ ಆಮ್ಲಜನಕದ ಪೆಟ್ಟಿಗೆಯಲ್ಲಿತ್ತು. ಮೂರು ವಾರದ ಮೇಲೆ ಅಕ್ಕ ಮತ್ತೆ ಫೋನ್ ಮಾಡಿದರು. ಹಿಂದೆ ಬೆಕ್ಕಿನ ದನಿ ಕೇಳಿಸುತ್ತಿತ್ತು. ಅದಕ್ಕೆ ಮೊದಲು ಹೆಸರೇ ಇರಲಿಲ್ಲವಂತೆ, ಈಗ ಮನೆಯವರೆಲ್ಲ "ಕ್ರೋಸಿನ್" ಎಂದು ಕರೆಯುತ್ತಾರಂತೆ! ಅದರ ಹೆಸರಿನಲ್ಲಿ ಒಂದು ಹಾಡು ಹಾಕಿ ಎಂದರು. ಹಾಕಿದೆವು.